ಅವ್ವ ಕೂಡುವ ಗಾಡಿ

ಟಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಸಿದ್ದರಾಮ ಕೂತಲ್ಲಿ ಕೂಡುವ ಜೀವವಾಗಿರಲಿಲ್ಲ. ಆದರೂ ಮೊಣಕಾಲು ನೋವಿನ ಅವ್ವ ಹತ್ತಲಾರಳೆಂದು, ಹಿಂದಿನ ಸೀಟು ಎತ್ತರವಿದ್ದ ಸ್ಪೋರ್ಟ್ಸ್ ಬೈಕ್ ಮಾರಿ ತಗ್ಗು ಸೀಟಿನ ಕ್ರೂಸರ್ ಬೈಕ್ ತಂದ. ಇದರ ಕಾಲಿನ ಬ್ರೇಕ್ ಹಳೆಯದಕ್ಕಿಂತ ಮುಂದಿತ್ತು. ಅವನ ಕಾಲು ಹಳೆಯ ಜಾಗದಲ್ಲೇ ಹುಡುಕುತ್ತಿತ್ತು. ಅವ್ವನನ್ನು ಕೆಡವಿಬಿಟ್ಟರೆ ಎಂಬ ಅಂಜಿಕೆಗೆ, ರೂಢಿಯಾಗಲೆಂದು ದಿನಾ ಒಬ್ಬನೇ ಬಬಲೇಶ್ವರದವರೆಗೆ ಹೋಗಿಬರುತ್ತಿದ್ದ.

“ನನಗಂತ ತಂದು ನೀ ಒಬ್ಬನ ಮೆರೀತೀಯಲ್ಲೋ ಯಪ್ಪಾ,” ಎಂದಳು ಅವ್ವ.

ಕೊನೆಗೊಂದು ಮುಂಜಾನೆ ಅವಳನ್ನು ಕೂಡಿಸಿಕೊಂಡು ಅವಳ ತವರು ಕಾಖಂಡಕಿಗೆ ಹೊರಟ. ದಾರಿಯಲ್ಲಿ ಎಮ್ಮೆ ಅಡ್ಡ ಬಂತು. ಕಾಲು ತಾನಾಗಿ ಮುಂದೆ ಹೋಗಿ ಬ್ರೇಕ್ ಒತ್ತಿತು.

“ಎಮ್ಮಿ ದಾಟ್ಯದ. ಇನ್ನರ ಜೋರ ಬಿಡಲೇ,” ಎಂದಳು ಹಿಂದೆ ಕೂತ ಅವ್ವ.

ಕೆಲವು ವರ್ಷಗಳ ನಂತರ ಸಿದ್ದರಾಮ ಎದೆನೋವಿನಿಂದ ತೀರಿಕೊಂಡ. ಅಂದಿನಿಂದ ಗಾಡಿ ಅಂಗಳದಲ್ಲಿ ನಿಂತಿದೆ. ಮಾತಾಡಿಸಲು ಬಂದ ಅವನ ಗೆಳೆಯರಿಗೆಲ್ಲ ಅವ್ವ ಹೇಳುತ್ತಾಳೆ:

“ಒಂದೀಟು ಚಾಲೂ ಮಾಡ್ರಿ. ಸುಮ್ಮನ ನಿಂದ್ರೂದು ಅವಗ ಸೇರ್ತಿರಲಿಲ್ಲ.”