ಮೂರು ನಿಮಿಷ ನಿಲ್ಲದ ಮಾತು

ಗಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಜಾಗ ಖಾಲಿ ಇದೆ ಎಂಬ ಸುದ್ದಿ ತಂದವನು ಅಪ್ಪ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸಕ್ಕಿದ್ದ. ಅವ್ವ ಬಂಗಾರಪೇಟೆ ಹತ್ತಿರದ ನಮ್ಮ ಊರಿನಲ್ಲಿ ಹೊಲ, ಎಮ್ಮೆ, ತಂಗಿಯರನ್ನು ನೋಡಿಕೊಂಡಿದ್ದಳು. ಹೈಸ್ಕೂಲು ಮುಗಿಸಿದ ನಾನು ಅಪ್ಪನ ಜೊತೆ ಕಾರ್ಮಿಕರ ಲೈನಿನಲ್ಲಿ, ಅಂದರೆ ಗಣಿಯವರು ಸಾಲಾಗಿ ಕಟ್ಟಿಸಿದ್ದ ಒಂಟಿ ಕೋಣೆಯ ಮನೆಗಳೊಂದರಲ್ಲಿ ಇದ್ದೆ.

“ಇದು ಸಿಕ್ಕಿದ್ರೆ ಮೇಲಿನ ಕೆಲ್ಸ,” ಎಂದ ಅಪ್ಪ. “ಇಲ್ದಿದ್ರೆ ಮೇಸ್ತ್ರಿಗೆ ಏಳಿವ್ನಿ. ನನ್ ಜೊತೆ ಕೆಳಕ್ಕೆ ಬರೋದೇಯಾ.”

ಕೆಳಕ್ಕೆ ಹೋಗಲು ನನಗೆ ಭಯವಿತ್ತು. ನಾನು ಕೆಳಕ್ಕೆ ಬರುವುದು ಅಪ್ಪನಿಗೂ ಬೇಡವಾಗಿತ್ತು. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಪರೀಕ್ಷೆಯ ಕ್ರಮ ಸರಳವಾಗಿತ್ತು. ಕೈಗೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿರುವ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಮೂರು ನಿಮಿಷ ಮಾತಾಡಬೇಕು. ಪರೀಕ್ಷಕರು ಗಡಿಯಾರ ಹಿಡಿದಿರುತ್ತಾರೆ. ಮಾತಿನಲ್ಲಿ ತಪ್ಪಿದ್ದರೆ ನಡೆಯುತ್ತದೆ, ನಡುವೆ ನಿಂತರೆ ನಡೆಯುವುದಿಲ್ಲ. ನಾನು ಇಂಗ್ಲಿಷನ್ನು ಚೆನ್ನಾಗಿ ಓದುತ್ತಿದ್ದೆ, ಬರೆಯುತ್ತಿದ್ದೆ. ಯಾರೊಡನೆಯೂ ಒಂದು ದಿನವೂ ಆಡಿರಲಿಲ್ಲ. ನಮ್ಮ ಲೈನಿನಲ್ಲಿ ತಮಿಳಿನಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಹೊರಳಿ ಕನ್ನಡದಲ್ಲಿ ಮುಗಿಯುತ್ತಿತ್ತು. ಇಂಗ್ಲಿಷು ಗಣಿಯ ಸಾಹೇಬರಿದ್ದ ಊರಿಗಾಂನ ಬಂಗಲೆಗಳ ಬೇಲಿಯಾಚೆ ಕೇಳಿಸುವ ಸದ್ದಾಗಿತ್ತು, ಅಷ್ಟೆ.

ಬಂಗಾರಪೇಟೆಯಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ದೂರದಲ್ಲಿದ್ದರು. ಭಾನುವಾರ, ಗಣಿಗೂ ಬಂಗಾರಪೇಟೆಗೂ ಓಡಾಡುವ ಶಟಲ್ ರೈಲು ಹಿಡಿದು ಇಂಗ್ಲಿಷು ಆಡಿ ಕಲಿಯಲು ಅವರಲ್ಲಿಗೆ ಹೋಗುತ್ತಿದ್ದೆ. ವರಾಂಡದಲ್ಲಿ ಕೂತು ಅವರು ಎದುರಿಗೆ ಕಂಡದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರು: ಛತ್ರಿ, ಬಾವಿ, ನಾಯಿ. ನಾನು ಅದರ ಬಗ್ಗೆ ಮಾತಾಡಬೇಕು. ಮಾತು ತಡೆದರೆ ಕೋಲಿನಿಂದ ನೆಲ ಕುಟ್ಟುತ್ತಿದ್ದರು.

“ನಿನ್ನ ತೊಂದರೆ ಏನು ಗೊತ್ತಾ?” ಎಂದರು ಎರಡನೆಯ ಭಾನುವಾರ, ತಮ್ಮ ಹರಕುಮುರುಕು ಕನ್ನಡದಲ್ಲಿ. “ಮೊದಲು ಮನೆ ಮಾತಲ್ಲಿ ಯೋಚನೆ ಮಾಡ್ತೀಯ, ಆಮೇಲೆ ಅದನ್ನ ಹೊತ್ಕೊಂಡು ಬರ್ತೀಯ. ಅಷ್ಟೊತ್ತಿಗೆ ಗಾಡಿ ಹೋಗಿರ್ತದೆ. ಪರೀಕ್ಷೆ ಆಗೋ ತನಕ ಇಂಗ್ಲಿಷು ಬಿಟ್ಟು ಒಂದು ಮಾತೂ ಬೇಡ. ಮನೇಲೂ ಬೇಡ.”

ಅಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಹಾಗಾಗಿ ಆ ನಿಯಮಕ್ಕೆ ನಮ್ಮ ಮನೆಯಲ್ಲಿ ಒಂದೇ ಅರ್ಥವಿತ್ತು. ನಾನು ಅಪ್ಪನೊಡನೆ ಮಾತು ಬಿಟ್ಟೆ. ಯಾಕೆಂದು ಮೊದಲೇ ಹೇಳಿಯೇ ಬಿಟ್ಟದ್ದು. ಅಪ್ಪ ಅದನ್ನು ಹರಕೆಯ ಹಾಗೆ ಒಪ್ಪಿಕೊಂಡ. ಮೊದಲ ಕೆಲವು ದಿನ ತಮಾಷೆಯೂ ಇತ್ತು.

“ದೊರೆಗಳು ಮುದ್ದೆ ತಿಂತಾರೋ, ರೊಟ್ಟಿ ತರಿಸ್ಬೇಕೋ?”

ನಾನು ನಕ್ಕು ತಟ್ಟೆ ಮುಂದೆ ಎಳೆದುಕೊಳ್ಳುತ್ತಿದ್ದೆ. ಆಮೇಲೆ ತಮಾಷೆ ನಿಂತಿತು. ಉತ್ತರ ಕೊಡದವನ ಎದುರು ಎಷ್ಟು ಹೊತ್ತು ಮಾತಾಡಲಾದೀತು? ಪಾಳಿ ಮುಗಿಸಿ ಬಂದ ಅಪ್ಪ ಕೈಕಾಲು ತೊಳೆದು, ಉಂಡು, ಬಾಗಿಲ ಬಳಿ ಬೀಡಿ ಸೇದಿ ಮಲಗುತ್ತಿದ್ದ. ಮುದ್ದೆ ಮುರಿಯುವ, ನೀರು ಸುರಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮಾತೆಲ್ಲ ಸೈನೈಡ್ ದಿಬ್ಬದ ಮೇಲೆ ಖರ್ಚಾಗುತ್ತಿತ್ತು. ಚಿನ್ನ ತೆಗೆದುಕೊಂಡು ಉಳಿದ ಮಣ್ಣನ್ನು ಹೊರಗೆ ಸುರಿದೂ ಸುರಿದೂ ಅಲ್ಲೊಂದು ಬೂದು ಬಣ್ಣದ ಬೆಟ್ಟವೇ ಆಗಿತ್ತು. ಹುಲ್ಲು ಬೆಳೆಯದ ಜಾಗ. ದನ ಕಾಯುವವರೂ ಬರುತ್ತಿರಲಿಲ್ಲ. ಅಲ್ಲಿ ನಿಂತು ಛತ್ರಿಯ ಬಗ್ಗೆ, ಬಾವಿಯ ಬಗ್ಗೆ, ನಾನು ನೋಡಿರದ ಸಮುದ್ರದ ಬಗ್ಗೆ ಮಾತಾಡುತ್ತಿದ್ದೆ. ಗಾಳಿಗೆ ಪುಡಿ ಎದ್ದು ಬಾಯಿಗೆ ಬರುತ್ತಿತ್ತು. ಉಗಿದು ಮುಂದುವರಿಸುತ್ತಿದ್ದೆ, ಯಾಕೆಂದರೆ ನಿಲ್ಲಬಾರದು.

ಒಂದು ಸಂಜೆ ಇಳಿದು ಬರುವಾಗ ಪಕ್ಕದ ಮನೆಯ ತಮಿಳು ಹೆಂಗಸು ನಲ್ಲಿಯ ಬಳಿ ಸಿಕ್ಕಳು.

“ಏನ್ ತಂಬಿ, ದಿಬ್ಬದ ಮ್ಯಾಲೆ ದಿನಾ ಯಾರ್ ಕೂಡ ಜಗಳ?”

ನಾನು ತಲೆಯಾಡಿಸಿದೆ.

“ನಮ್ ಜೊತೆ ಬಾಯಿ ಬಿಡಲ್ಲ. ಗಾಳಿ ಜೊತೆ ಅಷ್ಟೊತ್ತು ಮಾತು. ನಿಮ್ಮಪ್ಪಂಗೆ ಏಳ್ತೀನಿ, ಒಂದು ತಾಯಿತ ಕಟ್ಸು ಅಂತ.”

ಕೊಡ ಹಿಡಿದು ನಿಂತಿದ್ದ ಉಳಿದವರು ನಕ್ಕರು. ಅವಳೂ ನಕ್ಕಳು, ಆದರೆ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಅವತ್ತು ರಾತ್ರಿ ಅವಳ ಮನೆಯಿಂದ ನಮ್ಮ ಬಾಗಿಲಿಗೆ ಒಂದು ಬಟ್ಟಲು ಸಾರು ಬಂತು.

ಪರೀಕ್ಷೆಯ ಹೊತ್ತಿಗೆ ನನಗೆ ಇಂಗ್ಲಿಷು ಬರುತ್ತಿತ್ತು. ಕೊನೆಯ ಭಾನುವಾರ ಮುದುಕರು ಕೋಲನ್ನು ಒಮ್ಮೆಯೂ ಕುಟ್ಟಲಿಲ್ಲ. ಹೊರಡುವಾಗ, ಮುಂದಿನ ವಾರ ಬರುತ್ತೀಯಾ ಎಂದು ಕೇಳಿದರು. ಪಾಸಾದರೆ ಹೇಳಲು ಬರುತ್ತೇನೆ ಎಂದೆ. ಅವರು ಕೇಳಿದ್ದು ಅದಲ್ಲವೆಂದು ಹೊಳೆದದ್ದು ರೈಲಿನಲ್ಲಿ ಕೂತ ಮೇಲೆ.

ಪರೀಕ್ಷೆ ನಡೆದದ್ದು ಊರಿಗಾಂನ ಒಂದು ಹಳೆಯ ಕಚೇರಿಯಲ್ಲಿ, ಬೆಳಿಗ್ಗೆ. ಅಪ್ಪ ಮುಂಜಾನೆಯ ಪಾಳಿಗೆ ಇಳಿದಿದ್ದ. ಮೇಜಿನ ಆಚೆ ಮದರಾಸಿನಿಂದ ಬಂದ ಪರೀಕ್ಷಕರು, ಬದಿಯಲ್ಲಿ ಚೀಟಿ ಹಂಚುವ ನಮ್ಮ ಕಡೆಯ ಗುಮಾಸ್ತರು. ನನಗೆ ಸಿಕ್ಕ ವಿಷಯ ಸಂತೆ. ಬಂಗಾರಪೇಟೆಯ ಸಂತೆ ಕಣ್ಣಿಗೆ ಕಟ್ಟಿದಂತಿತ್ತು. ಮಾತು ಸಲೀಸಾಗಿ ಬಂತು. ಕುರಿ ಕೊಳ್ಳುವವರು ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಹೇಳಿದಾಗ ಪರೀಕ್ಷಕರು ತಲೆ ಎತ್ತಿ ನಕ್ಕರು. ಅರ್ಧ ದಾಟಿದ್ದೆ.

ಆಗ ನೆಲ ನಡುಗಿತು.

ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲಿನ ಊರು ಅದುರುತ್ತದೆ. ಅಲ್ಲಿಯ ಜನ ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಅದುರಿದ ತಕ್ಷಣ ಇಡೀ ಚಿನ್ನದ ಗಣಿ ಮಾತು ನಿಲ್ಲಿಸುತ್ತಿತ್ತು. ಅಂಗಡಿಯವನು ತಕ್ಕಡಿ ಹಿಡಿದಲ್ಲೇ, ಹೆಂಗಸರು ಜಗಳದ ನಡುವೆಯೇ, ಮೇಷ್ಟರು ಪಾಠದ ನಡುವೆಯೇ. ಅಪಘಾತದ ಸೈರನ್ ಕೂಗುತ್ತದೆಯೇ, ಕೂಗಿದರೆ ಯಾವ ಗಣಿಯ ಕಡೆಯಿಂದ ಎಂದು ಕಿವಿಗೊಡಬೇಕು. ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಯಾರೋ ಒಬ್ಬರು ಕೆಮ್ಮುತ್ತಾರೆ, ಬಿಟ್ಟಲ್ಲಿಂದ ಮಾತು ಮತ್ತೆ ಶುರುವಾಗುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ.

ನಾನು ನಿಂತೆ. ಗುಮಾಸ್ತರ ಕೈಯೂ ಚೀಟಿಗಳ ಮೇಲೆ ನಿಂತಿತು. ನಮ್ಮಿಬ್ಬರ ಮುಖವೂ ಕಿಟಕಿಯ ಕಡೆ ತಿರುಗಿತ್ತು. ಮೇಜಿನ ಮೇಲಿನ ಗಡಿಯಾರ ಮಾತ್ರ ಓಡುತ್ತಿತ್ತು. ಮುಂದುವರಿಸು ಎಂದರು ಪರೀಕ್ಷಕರು, ಗಟ್ಟಿಯಾಗಿ ಏನಲ್ಲ. ನನಗೆ ಕೇಳಿಸಿತು, ಅರ್ಥವೂ ಆಯಿತು. ಮುಂದಿನ ವಾಕ್ಯ ಬಾಯಲ್ಲೇ ಇತ್ತು. ಅದನ್ನು ಆಡಿದರೆ ನನ್ನ ದನಿಯೇ ಸೈರನ್ನಿಗೆ ಅಡ್ಡ ಬರುತ್ತದೆ ಎಂದಷ್ಟೇ ಅನ್ನಿಸಿತು.

ಸೈರನ್ ಕೂಗಲಿಲ್ಲ. ಗುಮಾಸ್ತರು ಕೆಮ್ಮಿದರು. ಅಷ್ಟರಲ್ಲಿ ವೇಳೆ ಮುಗಿದಿತ್ತು.

“ಸಾರ್, ಈ ಹುಡುಗನ ತಂದೆ ಅಂಡರ್‌ಗ್ರೌಂಡಲ್ಲಿದ್ದಾರೆ,” ಎಂದು ಗುಮಾಸ್ತರು ಹೇಳಿ ನೋಡಿದರು.

ಪರೀಕ್ಷಕರು ಅದನ್ನು ಗಮನವಿಟ್ಟು ಕೇಳಿಸಿಕೊಂಡರು. ಅಂಥ ಹೊತ್ತಿನಲ್ಲೇ ಎಕ್ಸ್‌ಚೇಂಜಿನವನು ಮಾತು ನಿಲ್ಲಿಸುವಂತಿಲ್ಲ, ಆಸ್ಪತ್ರೆಗೂ ಗಣಿಬಾಯಿಗೂ ತಂತಿ ಜೋಡಿಸಬೇಕಾದವನು ಅವನೇ ಎಂದರು. ಅದು ಸರಿಯಾದ ಮಾತು. ಆಗಲೂ ನನಗೆ ಹಾಗೆಯೇ ಅನ್ನಿಸಿತ್ತು.

ಅಪ್ಪ ಮನೆಗೆ ಬರುವ ಮೊದಲೇ ಗುಮಾಸ್ತರಿಂದ ದಾರಿಯಲ್ಲಿ ಎಲ್ಲವನ್ನೂ ಕೇಳಿಕೊಂಡಿದ್ದ. ಅಂಗಿ ಬಿಚ್ಚಿ ಮೊಳೆಗೆ ಹಾಕಿ ಗೋಡೆಗೆ ಒರಗಿ ಕೂತ.

“ನಿಂತ್ಬಿಟ್ಟಂತೆ.”

“ಊಂ.” ಅಷ್ಟು ದಿನಗಳ ಮೇಲೆ ನಾನು ಅಪ್ಪನೊಡನೆ ಆಡಿದ ಮೊದಲ ಮಾತು ಅದು.

“ಅದು ನಮ್ ಕಡೆ ಅಲ್ಲ ಕಣ್ಲಾ. ಚಾಂಪಿಯನ್ ಗಣಿ ಕಡೆ. ಯಾರ್ಗೂ ಏನೂ ಆಗಿಲ್ಲ.” ಬೀಡಿ ಕಟ್ಟು ತೆಗೆಯುತ್ತಾ ಕೇಳಿದ, “ಕೆಳಗೆ ಏನ್ ಮಾಡ್ತೀವಿ ಗೊತ್ತಾ, ಅದುರಿದಾಗ?”

“ನಿಂತು ಕೇಳ್ತೀರಾ?”

“ನಿಲ್ಲೋದಾ? ಕೂಗ್ತೀವಿ. ದೂಳಲ್ಲಿ ಒಬ್ರ ಮುಖ ಒಬ್ರಿಗೆ ಕಾಣ್ಸಲ್ಲ. ಹೆಸ್ರು ಇಡ್ದು ಕೂಗ್ತಾನೆ ಇರ್ತೀವಿ. ದನಿ ನಿಂತೋನ ಕಡೆಗೆ ಓಡ್ತೀವಿ, ಅವ್ನಿಗೆ ಏನೋ ಆಗೈತೆ ಅಂತ.” ಬೀಡಿ ಹೊತ್ತಿಸಿದ. “ನಿಂಗೆ ಬಾಯಿ ಮುಚ್ಕೊಳ್ಳೋದು ಬಂದೈತೆ. ನೀನ್ ಕೆಳಗೆ ಬರಬ್ಯಾಡ. ಮೇಸ್ತ್ರಿಗೆ ನಾನ್ ಏಳ್ತೀನಿ.”

ಹೀಗೆ ಒಂದೇ ದಿನ ಎರಡೂ ಕೆಲಸ ನನ್ನಿಂದ ದೂರವಾದವು. ಅಪ್ಪ ಬೀಡಿ ಮುಗಿಸಿ ಮಲಗಿದ. ಮಾತಾಡಲು ಈಗ ಯಾವ ಅಡ್ಡಿಯೂ ಇರಲಿಲ್ಲ; ನಾನು ದೀಪ ಆರಿಸಿದೆ.

ಬಂಗಾರಪೇಟೆಯ ಆಲೂಗಡ್ಡೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಮಂಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆ. ಸುತ್ತ ತೆಲುಗು, ಕನ್ನಡ. ಇಂಗ್ಲಿಷಿಗೆ ಗಿರಾಕಿ ಇರಲಿಲ್ಲ. ಗಾರ್ಡ್ ಮುದುಕರ ಬಳಿ ಮತ್ತೆ ಹೋಗಿ ಕೂರತೊಡಗಿದೆ. ಅವರು ಏನನ್ನೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ.

ನೆಲದ ನಡುಕ ಬಂಗಾರಪೇಟೆಯ ತನಕ ಬರುತ್ತಿರಲಿಲ್ಲ, ಬಂದರೂ ಮೂಟೆ ಕೆಡವುವ ಸದ್ದಿನಲ್ಲಿ ಗೊತ್ತಾಗುತ್ತಿರಲಿಲ್ಲ. ಗಣಿಯ ಕಡೆ ಏನಾಗಿದೆ ಎಂದು ತಿಳಿಯಲು ನನಗಿದ್ದದ್ದು ಸಂಜೆಯ ಶಟಲ್ ಒಂದೇ. ಅಲ್ಲಿ ಏನಾದರೂ ಆಗಿದ್ದರೆ ಇಳಿಯುವವರ ಬಾಯಿ ಕಟ್ಟಿರುತ್ತಿತ್ತು. ಮಂಡಿ ಮುಚ್ಚಿದ ಮೇಲೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಂನ ತುದಿಯಲ್ಲಿ ನಿಲ್ಲುತ್ತಿದ್ದೆ. ಕೋರಮಂಡಲ್ ಸ್ಟೇಷನ್ ದಾಟಿ ಗಾಡಿ ಬಂದು ನಿಂತಾಗ, ಮೂರು ಭಾಷೆಯಲ್ಲಿ ಕಚಪಚ ಮಾತಾಡುತ್ತಾ, ಒಬ್ಬರನ್ನೊಬ್ಬರು ಕರೆಯುತ್ತಾ ಜನ ಇಳಿಯುತ್ತಿದ್ದರು. ಆ ಗಲಾಟೆಯನ್ನು ಕೊನೆಯ ಡಬ್ಬಿ ಖಾಲಿಯಾಗುವವರೆಗೆ ಕೇಳಿ, ಕೋಣೆಗೆ ಹಿಂದಿರುಗಿ ಒಲೆ ಹಚ್ಚುತ್ತಿದ್ದೆ.