ಮದುವೆಯ ಅಳತೆಯ ಬಳೆಗಳು

ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದಾಗ ನನ್ನ ಸೀಮಂತ ವಿಶಾಖಪಟ್ಟಣದಲ್ಲಿ ನಡೆಯಿತು. ಗಂಡನಿಗೆ ಅಲ್ಲಿ ಬ್ಯಾಂಕಿನ ಕೆಲಸ. ಅತ್ತೆ ತೆಲುಗಿನವರು, ಇದ್ದದ್ದು ವಿಜಯವಾಡದಲ್ಲಿ. ಸೀಮಂತದ ಗಾಜಿನ ಬಳೆ ತಾವೇ ತರಬೇಕೆಂದು ಅವರ ಹಟ. ಫೋನಿನಲ್ಲಿ ಕೈಯ ಅಳತೆ ಕೇಳಿದರು. ನಾನು ಮದುವೆಯ ಅಳತೆಯನ್ನೇ ಹೇಳಿದೆ.

ಸುಳ್ಳೆಂದು ಗೊತ್ತಿತ್ತು. ಉಂಗುರ ಆಗಲೇ ಬೆರಳಿಗೆ ಹತ್ತುತ್ತಿರಲಿಲ್ಲ. ಅವಳಿ ಬಸಿರಿನಲ್ಲಿ ಬಿಪಿ ಏರುವ ಭಯ ಹೆಚ್ಚು, ಮುಖ ಕೈ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ತಕ್ಷಣ ಬನ್ನಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿ ಬಂದಿದ್ದೆ. ಆದರೆ ನಾದಿನಿ ನನ್ನನ್ನು ನೋಡಿ "ಒಳಗೆ ಇಬ್ಬರೇನಾ, ಮೂವರಾ?" ಎಂದು ನಕ್ಕಾಗಿನಿಂದ ನನ್ನ ಮೈ ನನಗೇ ನಾಚಿಕೆಯಾಗಿತ್ತು. ಒಣಜಂಭದಲ್ಲಿ ನಾನು ಯಾವತ್ತೂ ಕಡಿಮೆಯಿಲ್ಲ.

ಸೀಮಂತದ ಬೆಳಿಗ್ಗೆ ಅತ್ತೆ ತಂದ ಬಳೆಗಳನ್ನು ಬಚ್ಚಲಿಗೆ ಒಯ್ದು, ಕೈಗೆ ಸೋಪು ಬಳಿದು, ಹಲ್ಲು ಕಚ್ಚಿ ಏರಿಸಿದೆ. ಎಲ್ಲರೆದುರು ಅವು ಹತ್ತದಿದ್ದರೆ ಮಾನ ಹೋಗುತ್ತಿತ್ತಲ್ಲ. ತೊಡಿಸುವ ಮೊದಲೇ ತೊಟ್ಟು ಬಂದದ್ದಕ್ಕೆ "ಸೊಸೆಗೆ ಭಾರಿ ಅವಸರ" ಎಂದು ಹೆಂಗಸರು ಛೇಡಿಸಿದರು. ತಲೆ ಸಿಡಿಯುತ್ತಿತ್ತು. ಅಕ್ಕಿಹಿಟ್ಟಿಗೆ ಅನಕಾಪಲ್ಲಿಯ ಬೆಲ್ಲ ಹಾಕಿ ಮಾಡಿದ ಚಲಿಮಿಡಿಯ ಉಂಡೆ ಮಡಿಲಿಗೆ ಬಿತ್ತು. ನಾನು ಫೋಟೋಕ್ಕೆ ನಗುತ್ತಲೇ ಇದ್ದೆ. ಆಮೇಲೆ ಕುಂಕುಮಕ್ಕೆ ಕೈ ಚಾಚಿದರೆ ಎದುರಿಗೇ ಇದ್ದ ಬಟ್ಟಲು ಸಿಗಲಿಲ್ಲ. ಮತ್ತೆ ಚಾಚಿದೆ, ಸಿಗಲಿಲ್ಲ. ಅದನ್ನು ಕಂಡವರು ಅತ್ತೆಯೊಬ್ಬರೇ. ಆರತಿಯನ್ನು ಅಲ್ಲಿಗೇ ನಿಲ್ಲಿಸಿ ನನ್ನನ್ನು ಆಸ್ಪತ್ರೆಗೆ ಹೊರಡಿಸಿದರು.

ಅಲ್ಲಿ ಬಿಪಿ ನೋಡಿದ ನರ್ಸಿನ ಮುಖ ಬಿಗಿಯಾಯಿತು. ಸೂಜಿ ಚುಚ್ಚಬೇಕು, ಆದರೆ ಬಳೆಗಳು ಮಣಿಕಟ್ಟಿನ ಮಾಂಸದಲ್ಲಿ ಹೂತಿದ್ದವು. ಸೀಮಂತದ ಬಳೆಯೆಂದು ಅವಳು ಒಡೆಯಲು ಅನುಮಾನಿಸಿದಳು. ಹೆರಿಗೆಯವರೆಗೆ ಅವನ್ನು ತೆಗೆಯಬಾರದೆಂದು ನನಗೆ ಹೇಳಿಕೊಟ್ಟಿದ್ದ ಅತ್ತೆಯೇ ಸೆರಗು ಸುತ್ತಿ ಒಂದೊಂದಾಗಿ ಒಡೆದರು.

"ನಾದೇ ತಪ್ಪಮ್ಮಾ," ಎಂದರು. ಫೋನಿನಲ್ಲಿ ಅಳತೆ ತಪ್ಪು ಕೇಳಿಸಿಕೊಂಡು, ಸಣ್ಣ ಬಳೆ ತಂದು ಸೊಸೆಯ ಕೈ ಹಿಸುಕಿದೆನೆಂದು ನರ್ಸಿನ ಮುಂದೆ ಅತ್ತರು. ನನಗೆ ಪ್ರಜ್ಞೆಯಿತ್ತು, ಮಾತೂ ಬರುತ್ತಿತ್ತು. ನಾನು ಸುಮ್ಮನಿದ್ದೆ.

ಮಕ್ಕಳನ್ನು ಅಂದೇ ಹೊಟ್ಟೆ ಕೊಯ್ದು ತೆಗೆದರು. ತಿಂಗಳು ತುಂಬಿರಲಿಲ್ಲ, ಆದರೂ ಇಬ್ಬರೂ ಉಳಿದರು, ನಾನೂ ಉಳಿದೆ. ಇನ್ನೂ ಸ್ವಲ್ಪ ಹೊತ್ತು ನಗುತ್ತ ಕೂತಿದ್ದರೆ ಮೂವರೂ ಇರುತ್ತಿರಲಿಲ್ಲ ಎಂದು ಡಾಕ್ಟರು ಬೈದರು.

ಈಗಲೂ ಅತ್ತೆ ವಿಜಯವಾಡದಿಂದ ಬರುವಾಗ ನನಗೆ ಎರಡು ಅಳತೆಯ ಬಳೆ ತರುತ್ತಾರೆ. ತಮ್ಮ ಕಿವಿಯನ್ನು ನಂಬುವಂತಿಲ್ಲ ಎನ್ನುತ್ತಾರೆ. ನಾನು ಕೈ ಚಾಚಿ ತೊಡಿಸಿಕೊಳ್ಳುತ್ತೇನೆ.