ಬೆಲ್ಲದ ಕಡಾಯಿಯ ಅಂಗ್ರೇಜಿ

ನಾನು ಹುಟ್ಟಿದ್ದು ಭೀಮಾ ನದಿಯ ದಂಡೆಯ ಮೇಲಿನ ಒಂದು ಹಳ್ಳಿಯಲ್ಲಿ. ನಡೆಯುವುದಕ್ಕಿಂತ ಮೊದಲೇ ಈಜಿದವಳು ಎಂದು ನಮ್ಮವ್ವ ಹೇಳುತ್ತಿದ್ದಳು. ಅದು ಸುಳ್ಳಿರಬಹುದು, ಆದರೆ ಕೇಳುವುದಕ್ಕೆ ನನಗೆ ಬಹಳ ಇಷ್ಟ. ಅಂಥ ನನ್ನನ್ನು ತಂದು ಕಮಲಾಪುರಕ್ಕೆ ಕೊಟ್ಟರು. ಕೆಂಪು ಬಾಳೆಹಣ್ಣಿನ ಊರು, ಒಳ್ಳೆಯ ಜನ, ಎಲ್ಲ ಸರಿ. ನದಿ ಮಾತ್ರ ಇಲ್ಲ. ತೋಟದ ಬಾವಿಯೇ ಅವರ ಪಾಲಿಗೆ ಸಮುದ್ರ. ಅದರ ಮೇಲೆ ಗಂಡನಿಗೆ ನೀರು ಕಂಡರೆ ಅಂಜಿಕೆ. ಬಾವಿಯ ಮೇಲಿನ ಮೆಟ್ಟಿಲಲ್ಲೇ ಕೂತು, ತಂಬಿಗೆಯಿಂದ ನಾಲ್ಕು ಸಲ ನೀರು ಸುರುವಿಕೊಂಡು, ಜಳಕ ಆಯಿತು ಎಂದು ಎದ್ದು ಬರುವವರ ಪೈಕಿ.

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಈಗಲೂ ನನ್ನ ಬಾಯಲ್ಲಿ ಬರುವುದಿಲ್ಲ, ಹಾಗಾಗಿ 'ಇವರು' ಎಂದೇ ಬರೆಯುತ್ತೇನೆ.

ಆಗ ನಿಜಾಮ ಸರ್ಕಾರದ ಕಾಲ. ಇವರು ಕಲಬುರ್ಗಿಯ ಒಂದು ಶಾಲೆಯಲ್ಲಿ ಅಂಗ್ರೇಜಿ ಕಲಿಸುವ ಮಾಸ್ತರರು, ಆದರೆ ನೌಕರಿ ಖಾಯಂ ಆಗಿರಲಿಲ್ಲ. ಶರಣಬಸಪ್ಪನ ಗುಡಿಯ, ನಮ್ಮ ಬಾಯಲ್ಲಿ ಅಪ್ಪನ ಗುಡಿಯ, ದಾಸೋಹದಲ್ಲಿ ಉಣ್ಣುವುದು, ಗಂಜ್ ಪೇಟೆಯಲ್ಲಿ ಒಬ್ಬ ತೊಗರಿ ವ್ಯಾಪಾರಿಯ ಅಂಗಡಿಯ ಮಾಳಿಗೆಯಲ್ಲಿ ಮಲಗುವುದು, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವುದು. ಲಗ್ನವಾಗಿ ಮೂರು ವರ್ಷವಾದರೂ ನಾವಿಬ್ಬರೂ ಕೂಡಿ ಇದ್ದ ದಿನ ಬೆರಳೆಣಿಕೆಯವು. ಪ್ರತಿ ಸಲವೂ ಗಾಡಿ ಹತ್ತುವಾಗ ಇವರದು ಒಂದೇ ಮಾತು: "ಖಾಯಂ ಆಗ್ಲಿ, ಮನಿ ಮಾಡಿ ಕರ್ಕೊಂಡು ಹೋಗ್ತೀನಿ." ಆ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು, ಗಾಡಿ ಮರೆಯಾದ ಮೇಲೆ ಅಳುವೂ ಬರುತ್ತಿತ್ತು.

ಒಂದು ಬೇಸಿಗೆ ರಜೆಗೆ ಬಂದವರು ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದು, ತಲೆಯ ಮೇಲೆ ಕೈ ಹೊತ್ತು ಕೂತರು. ಶಾಲೆಗಳ ಮೇಲಿನ ಸಾಹೇಬರು ಬಾಯಿಮಾತಿನ ಪರೀಕ್ಷೆ ಇಟ್ಟಿದ್ದರಂತೆ. ಅದರಲ್ಲಿ ಗೆದ್ದವರು ಖಾಯಂ, ಸೋತವರು ಮನೆಗೆ. ಮಕ್ಕಳ ಅಂಗ್ರೇಜಿ ಪುಸ್ತಕದಲ್ಲಿ ದೋಣಿಯ ಮೇಲೆ ಒಂದು ಪಾಠವಿತ್ತು. ಯಾವನೋ ಒಬ್ಬ ಮಾಸ್ತರ, ಓರ್ ಎಂದರೆ ಒಂದು ಜಾತಿಯ ಮೀನು ಎಂದು ಕಲಿಸಿ ಸಿಕ್ಕಿಬಿದ್ದಿದ್ದನಂತೆ. ಸಾಹೇಬರು ವಿಲಾಯತಿಯಲ್ಲಿ ಓದಿ, ಅಲ್ಲಿನ ಹೊಳೆಯಲ್ಲಿ ದೋಣಿ ನಡೆಸಿ ಬಂದವರು. ಅವರಿಗೆ ಮೈ ಉರಿದು, ಪರೀಕ್ಷೆಯಲ್ಲಿ ನೀರಿನ ಮಾತನ್ನೇ ಕೇಳುತ್ತೇನೆ ಎಂದುಬಿಟ್ಟಿದ್ದರು.

ಕಾಗದದಲ್ಲಿ ಆ ಮಾತುಗಳೇ ಇದ್ದವು. ಓರ್ ಎಂದರೆ ದೋಣಿ ನಡೆಸಲು ನೀರು ತಳ್ಳುವ ಹುಟ್ಟು. ಬೋ ಎಂದರೆ ದೋಣಿಯ ಮುಂದಿನ ತುದಿ, ಸ್ಟರ್ನ್ ಹಿಂದಿನದು. ಮುಂದೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಡೈವ್ ಎಂದರೆ ತಲೆ ಕೆಳಗೆ ಮಾಡಿ ಜಿಗಿಯುವುದು, ಫ್ಲೋಟ್ ಎಂದರೆ ತೇಲುವುದು, ಹೀಗೆ ಎರಡೂ ಬದಿ ತುಂಬಾ.

"ಬಾಯಿಪಾಠ ಆಗವಲ್ಲದು," ಎಂದರು ಇವರು. "ಜಲ್ಮದಾಗ ದೋಣಿ ನೋಡಿಲ್ಲ. ನೋಡದೇ ಇದ್ದದ್ದು ತಲ್ಯಾಗ ಹೆಂಗ ನಿಲ್ತದ?"

"ನೋಡಿಲ್ಲಂದ್ರ ನೋಡ್ರಿ. ಕೊಟಗ್ಯಾಗ ಅದ ಅಲ್ಲ," ಎಂದೆ ನಾನು.

ಗಾಣದ ಕೆಲಸ ಮುಗಿದು, ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದರು. ನಮ್ಮ ಭೀಮೆಯ ದಂಡೆಯಲ್ಲಿ ಹರಿಗೋಲು ಸಿಗದಿದ್ದರೆ ಜನ ಇಂಥ ಕಡಾಯಿಯಲ್ಲೇ ಕೂತು ಹೊಳೆ ದಾಟುತ್ತಿದ್ದರು. ನಮ್ಮಪ್ಪ ನನ್ನನ್ನು ಹಾಗೆ ಎಷ್ಟು ಸಲ ದಾಟಿಸಿದ್ದನೋ. ಕಮಲಾಪುರದವರು ಇದನ್ನು ಕೇಳಿದ್ದೇ ಇಲ್ಲ. ನಮ್ಮತ್ತೆಯಂತೂ ನನಗೆ ಬಿಸಿಲು ಬಡಿದಿದೆ ಎಂದೇ ತಿಳಿದರು.

"ಬೆಲ್ಲ ಕುದಿಸೂ ಕಡಾಯ್ಯಾಗ ನನ್ನ ಮಗನ್ನ ಕೂಡಸ್ತಿ? ಏನ್ ಹುಡುಗಿ ಅದಿಯವ್ವಾ ನೀ!"

"ನೌಕರಿ ಖಾಯಂ ಆಗಬೇಕೋ ಬ್ಯಾಡೋ ಹೇಳ್ರಿ ಅತ್ತಿ."

ನಮ್ಮತ್ತೆ ಮಗನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಕಡಾಯಿಯನ್ನು ತಿಕ್ಕಿ ತೊಳೆದು, ಅದರ ಅಂಚಿಗೆ ವಿಭೂತಿ ಹಚ್ಚಿ ಕೈ ಮುಗಿದರು. ಬಾವಿಯ ಹಗ್ಗ ತಂದು ಮಗನ ಸೊಂಟಕ್ಕೆ ಬಿಗಿದರು. ಆಳುಗಳು ಕಡಾಯಿಯನ್ನು ಮೆಟ್ಟಿಲಿಳಿಸಿ ನೀರಿಗೆ ಬಿಟ್ಟು ನಗುತ್ತಾ ಹೋದ ಮೇಲೆ, ಹಗ್ಗದ ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತರು. ನಮ್ಮ ಬಾವಿ ಅಗಲವಾದದ್ದು, ಸುತ್ತ ಬಾಳೆಯ ನೆರಳು. ಅಷ್ಟು ಚಂದದ ಜಾಗದಲ್ಲಿ ಇವರು ಮಾತ್ರ ಕಡಾಯಿಯ ಅಂಚನ್ನು ಒಂದು ಕೈಯಿಂದ ಬಿಗಿಹಿಡಿದು ಕೂತಿದ್ದರು.

ದುಂಡಗಿನ ಕಡಾಯಿಗೆ ಮುಂದೆ ಯಾವುದು, ಹಿಂದೆ ಯಾವುದು? ನಾನೇ ತೀರ್ಮಾನ ಕೊಟ್ಟೆ. ವಿಭೂತಿ ಇರುವ ಕಡೆ ಮುಂದೆ, ಅದೇ ಬೋ. ಅಲ್ಲಿ ನಾನು ಕೂತೆ. ಇವರು ನನ್ನ ಎದುರಿಗೆ, ಹುಟ್ಟಿನ ಬದಲು ಕೈಯಲ್ಲೊಂದು ಅಗಲವಾದ ಹಲಗೆ ಹಿಡಿದು.

"ಪುಸ್ತಕದಾಗ ಬ್ಯಾರೆ ಏನರ ಇದ್ದೀತು," ಎಂದರು ಇವರು ಅನುಮಾನದಿಂದ. "ಚಿತ್ರ ನೋಡಿದ್ರ ಛಲೋ ಇತ್ತು."

"ಚಿತ್ರ ಯಾಕ್ರಿ? ಅಂಬಿಗ ಯಾವ ಕಡಿ ಮಾರಿ ಮಾಡ್ತಾನ, ಅದೇ ಮುಂದ. ಇದನ್ನೂ ಕೇಳಬೇಕೇನು? ಭೀಮಿ ದಂಡಿ ಮಗಳು ಹೇಳಾಕತ್ತೀನಿ," ಎಂದು ಜಂಬ ಕೊಚ್ಚಿ ಅವರ ಬಾಯಿ ಮುಚ್ಚಿಸಿದೆ. ಆ ಜಂಬ ಆಮೇಲೆ ನನ್ನನ್ನೇ ಸುಟ್ಟಿತು.

ಪಾಠ ಶುರುವಾಯಿತು. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ, ಕಲಿತದ್ದು ಆಮೇಲೆ. ಇವರು ಕಾಗದ ನೋಡಿ ಒಂದು ಮಾತು ಹೇಳಿದರೆ ನಾನು ಅದನ್ನು ಮಾಡಿ ತೋರಿಸುತ್ತಿದ್ದೆ. ಡೈವ್ ಎಂದರೆ ಕಚ್ಚೆ ಹಾಕಿ ಮೆಟ್ಟಿಲ ಮೇಲಿಂದ ಜಿಗಿದೆ. ಫ್ಲೋಟ್ ಎಂದರೆ ಅಂಗಾತ ತೇಲಿದೆ. ನಾನು ಮಾಡಿದ್ದನ್ನು ಇವರು ಮರೆಯಲೇ ಇಲ್ಲ. ಹುಟ್ಟು ಹಾಕುವಾಗ ಮಾತ್ರ ಇವರ ಕಣ್ಣು ನನ್ನ ಮುಖ ಬಿಟ್ಟು ಅತ್ತ ಇತ್ತ ಹೊರಳುತ್ತಿರಲಿಲ್ಲ. ನೀರು ಕಂಡರೆ ಜೀವ ಬಾಯಿಗೆ ಬರುತ್ತಿತ್ತು, ಅದಕ್ಕೆ. ಹಲಗೆಯಿಂದ ನೀರನ್ನು ನನ್ನ ಕಡೆಗೇ ತಳ್ಳುತ್ತಿದ್ದರು, ಹೀಗಾಗಿ ಕಡಾಯಿ ಇವರ ಬೆನ್ನಿನ ಕಡೆಗೇ ಸಾಗುತ್ತಿತ್ತು. ಬೆನ್ನ ಹಿಂದೆ ಕಲ್ಲು ಬಂದರೆ ನಾನು ಹೇಳಬೇಕು.

"ಎಡಕ್ಕ ಹೊಡೀರಿ!"

"ಯಾರ ಎಡಕ್ಕ? ನಿಂದೋ ನಂದೋ?"

ಅಷ್ಟರಲ್ಲಿ ಕಡಾಯಿ ಹೋಗಿ ಕಲ್ಲಿಗೆ ಧಡಲ್ ಎಂದು ಬಡಿಯುತ್ತಿತ್ತು. ಈ ಎಡದ ಜಗಳ ದಿನವೂ ಇತ್ತು. ಕೊನೆಗೆ ನಮ್ಮತ್ತೆಯೇ ಮೆಟ್ಟಿಲ ಮೇಲಿನಿಂದ ನ್ಯಾಯ ಹೇಳಿದರು: "ಓದೂದು ಅಂವ. ಅವನ ಎಡಾನೇ ಎಡ." ಮಗನ ಪಕ್ಷ ವಹಿಸದೆ ಬಿಡುತ್ತಾರೆಯೇ!

ಒಂದು ದಿನ ಕಡಾಯಿ ವಾಲಿ ಇವರು ನೀರಿಗೆ ಬಿದ್ದೇಬಿಟ್ಟರು. ನಾನು ಜಿಗಿದು ಜುಟ್ಟು ಹಿಡಿಯುವುದರೊಳಗೆ ನಮ್ಮತ್ತೆ "ಯಪ್ಪಾ ಶರಣಬಸಪ್ಪಾ!" ಎಂದು ಕೂಗಿ ಹಗ್ಗ ಜಗ್ಗಿದರು. ನೀರು ಕುಡಿದು ಮೇಲೆ ಬಂದ ಮನುಷ್ಯ ಮೊದಲು ಅಂದ ಮಾತು ಯಾವುದು ಗೊತ್ತೇ? "ಓವರ್‌ಬೋರ್ಡ್!" ಕಾಗದದ ಎರಡನೇ ಬದಿಯ ಮಾತು, ದೋಣಿಯಿಂದ ನೀರಿಗೆ ಬಿದ್ದದ್ದಕ್ಕೆ. ನಾನು ನೀರಲ್ಲೇ ತೇಲುತ್ತಾ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅತ್ತೆಗೆ ಸಿಟ್ಟು ಬಂದು ಆ ದಿನ ನನ್ನ ಜೊತೆ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ, ಮದುವೆಯಾದ ಮೇಲೆ ಅಷ್ಟು ಸುಖದ ದಿನಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ದಿನವೂ ಗಂಡನ ಎದುರಿಗೆ ಕೂತು ಮಾತಾಡುವ ಭಾಗ್ಯ ಆ ಕಡಾಯಿಯಿಂದಲೇ ಬಂತು.

ಪರೀಕ್ಷೆಯ ದಿನ ನಾನೂ ಕಲಬುರ್ಗಿಗೆ ಹೋದೆ. ಅಪ್ಪನ ಗುಡಿಗೆ ಕಾಯಿ ಒಡೆಸಬೇಕು ಎಂದು ಅತ್ತೆಗೆ ನೆಪ ಹೇಳಿದ್ದೆ. ಕೋಟೆಯ ಹತ್ತಿರ ಸಾಹೇಬರ ದಫ್ತರ. ಜವಾನ ಒಳ್ಳೆಯವನು, ನನಗೆ ಪಡಸಾಲೆಯಲ್ಲಿ ಕೂರಲು ಜಾಗ ಕೊಟ್ಟ. ಕಿಟಕಿಗೆ ಬಿಸಿಲು ತಡೆಯಲು ಲಾವಂಚದ ಪರದೆ ಕಟ್ಟಿದ್ದರು. ಅದರ ಬದಿಯ ಸಂದಿನಿಂದ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಲೂ ಇತ್ತು. ಸಾಹೇಬರು ಮಾತಾಡಿದ್ದು ಉರ್ದುವಿನಲ್ಲಿ, ನಡುನಡುವೆ ಅಂಗ್ರೇಜಿಯಲ್ಲಿ. ನಮ್ಮ ಕಡೆಯ ಸಂತೆಯಲ್ಲಿ ಓಡಾಡಿದವರಿಗೆ ಉರ್ದು ತಿಳಿಯದೆ ಇರುತ್ತದೆಯೇ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲು ಎಲ್ಲ ಸರಳವಾಗಿ ಸಾಗಿತು. ಡೈವ್, ಫ್ಲೋಟ್, ಆ್ಯಂಕರ್, ಇವರು ಪಟಪಟನೆ ಹೇಳಿದರು. ಆಮೇಲೆ ಸಾಹೇಬರು ಗೋಡೆಯ ಮೇಲಿದ್ದ ಚಿತ್ರದ ಹತ್ತಿರ ಕರೆದರು. ಹೊಳೆಯಲ್ಲಿ ಒಂದು ಉದ್ದನೆಯ ದೋಣಿ. ನಡುವೆ ಒಬ್ಬ ಗಂಡಸು ಎರಡು ಹುಟ್ಟು ಹಿಡಿದು ಕೂತಿದ್ದ. ಅವನ ಎದುರಿಗೆ, ಒಂದು ತುದಿಯಲ್ಲಿ, ಒಬ್ಬ ಹೆಂಗಸು ಎರಡು ಕೈಯಲ್ಲೂ ಹಗ್ಗ ಹಿಡಿದು ಕೂತಿದ್ದಳು.

"ಬೋ ಯಾವುದು, ತೋರಿಸಿ," ಎಂದರು ಸಾಹೇಬರು.

ಇವರು ಹೆಂಗಸು ಕೂತ ತುದಿಗೆ ಬೆರಳಿಟ್ಟರು. ನಾನು ಹೊರಗೆ ಹೌದೌದು ಎಂದು ತಲೆ ಆಡಿಸಿದೆ.

"ಗಲತ್. ಸ್ಟರ್ನ್?"

ಇವರು ಇನ್ನೊಂದು ತುದಿ ತೋರಿಸಿದರು.

"ಗಲತ್. ಪೋರ್ಟ್? ಸ್ಟಾರ್‌ಬೋರ್ಡ್?"

ಒಂದು ತಪ್ಪಿದ ಮೇಲೆ ಉಳಿದದ್ದೆಲ್ಲ ತಪ್ಪಲೇಬೇಕಲ್ಲ. ನಾಲ್ಕಕ್ಕೆ ನಾಲ್ಕೂ ಹೋದವು. ಸಾಹೇಬರು ಮೇಜಿಗೆ ಮರಳಿ ಪೆನ್ನು ಎತ್ತಿಕೊಂಡರು. "ಈ ಗಂಡಸಿನ ಬೆನ್ನಿನ ಕಡೆಗೆ ದೋಣಿ ಹೋಗುತ್ತಿದೆ, ಮಾಸ್ತರ್. ವಿಲಾಯತಿಯಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ. ನೀವು ದೋಣಿಯನ್ನೇ ನೋಡಿಲ್ಲ."

ಇವರ ತಪ್ಪಲ್ಲ, ನನ್ನದು. ಚಿತ್ರ ನೋಡಬೇಕು ಎಂದಾಗ ನೋಡಗೊಡದವಳು ನಾನು. ನನ್ನ ಬಾಯಿಗೆ ಬೆಂಕಿ ಹಾಕಲಿ ಎಂದುಕೊಂಡೆ. ಮನೆ, ಒಲೆ, ಇವರು ಸಂಜೆ ಶಾಲೆಯಿಂದ ಬರುವುದು, ಎಲ್ಲ ನನ್ನ ಜಂಬದಲ್ಲಿ ಮುಳುಗಿ ಹೋಯಿತು ಎಂದು ಕಣ್ಣೀರು ಕಪಾಳಕ್ಕಿಳಿಯಿತು.

ಇವರು ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಹೇಳಲಿಲ್ಲ. "ದೋಣಿ ನೋಡಿಲ್ಲ ಸಾಹೇಬ್ರ, ಖರೆ," ಎಂದರು. "ಬೆಲ್ಲದ ಕಡಾಯ್ಯಾಗ ಕೂತು ಕಲ್ತೀನಿ."

ಸಾಹೇಬರ ಪೆನ್ನು ನಿಂತಿತು. "ಕಡಾಯಿಯಲ್ಲಿ?"

ಇವರು ಬಾವಿ, ಹಗ್ಗ, ವಿಭೂತಿ ಎಲ್ಲ ಹೇಳಿದರು. ಸಾಹೇಬರ ಮೀಸೆಯ ಕೆಳಗೆ ಏನೋ ಅಲುಗಾಡಿತು.

"ಅದರಲ್ಲಿ ನೀವು ಯಾವ ಕಡೆ ಮುಖ ಮಾಡಿ ಕೂತಿದ್ದಿರಿ?"

"ಹೆಂಡ್ತಿ ಕಡಿ."

"ಕಡಾಯಿ ಯಾವ ಕಡೆ ಹೋಗುತ್ತಿತ್ತು?"

"ನನ್ನ ಬೆನ್ನಿನ ಕಡಿ."

"ಹಾಗಾದರೆ ದಾರಿ ಹೇಗೆ ಕಾಣುತ್ತಿತ್ತು?"

"ನನಗ ಕಾಣ್ತಿದ್ದಿಲ್ಲ ಸಾಹೇಬ್ರ. ಆಕಿಗಿ ಕಾಣ್ತಿತ್ತು. ಆಕಿ ಹೇಳ್ತಿದ್ಳು, ನಾ ಹೊಡೀತಿದ್ದೆ."

ಸಾಹೇಬರು ಎದ್ದು ಮತ್ತೆ ಚಿತ್ರದ ಬಳಿ ಹೋದರು. ಹಗ್ಗ ಹಿಡಿದ ಹೆಂಗಸಿನ ಮೇಲೆ ಬೆರಳಿಟ್ಟು, "ಇವಳು ಏನು ಮಾಡುತ್ತಿದ್ದಾಳೆ?" ಎಂದು ಕೇಳಿದರು.

ಇವರು ಬಗ್ಗಿ ಚಿತ್ರವನ್ನು ಹತ್ತಿರದಿಂದ ನೋಡಿದರು. ಹೊರಗೆ ನಾನು ಪರದೆಯ ಸಂದಿಗೆ ಇನ್ನಷ್ಟು ಸರಿದೆ.

"ದಾರಿ ತೋರ್ಸಾಕತ್ತಾಳ," ಎಂದರು. ಹಾಗೆನ್ನುತ್ತಲೇ ಅವರ ದನಿ ಬದಲಾಯಿತು. "ಇವನ ಬೆನ್ನಿನ ಹಿಂದಿನ ತುದಿ ಬೋ. ಆಕಿ ಕೂತದ್ದು ಸ್ಟರ್ನ್. ಆಕಿ ಎಡಗೈ ಕಡಿ ಪೋರ್ಟ್, ಬಲಗೈ ಕಡಿ ಸ್ಟಾರ್‌ಬೋರ್ಡ್."

ದಿನವೂ ಜಗಳಾಡಿದ ಆ ಎಡ ಕೊನೆಗೆ ನನ್ನದೇ ಆಯಿತು! ಅತ್ತೆ ಅಲ್ಲಿದ್ದಿದ್ದರೆ ಎಂದು ಅಳುವಿನಲ್ಲೇ ನಗು ಬಂತು.

ಒಳಗೆ ಸಾಹೇಬರೂ ಈಗ ಬಾಯಿಬಿಟ್ಟು ನಗುತ್ತಿದ್ದರು. ವಿಲಾಯತಿಯಲ್ಲಿ ತಾವು ಕಲಿಯಲು ಒಂದು ಚಳಿಗಾಲ ಹಿಡಿದದ್ದನ್ನು ಈ ಮಾಸ್ತರ ಬಾವಿಯಲ್ಲಿ ಕಲಿತ ಎಂದರು. ಕಾಗದದ ಮೇಲೆ ಏನೋ ಬರೆದು ಮುದ್ರೆ ಒತ್ತಿದರು. ಇವರು ಬಾಗಿಲವರೆಗೆ ಬಂದಾಗ ಹಿಂದಿನಿಂದ ಕರೆದು ಇನ್ನೊಂದು ಮಾತು ಹೇಳಿದರು. ಅದು ನನಗೆ ಸರಿಯಾಗಿ ಕೇಳಿಸಲಿಲ್ಲ.

ಹೊರಗೆ ಬಂದವರು ನನ್ನ ಕಣ್ಣು ನೋಡಿದರು. "ಯಾಕ ಅಳಾಕತ್ತಿ? ಖಾಯಂ ಆತು."

"ತಪ್ಪು ಕಲಿಸಿದ್ದು ನಾ ಅಂತ ಯಾಕ ಹೇಳಲಿಲ್ರಿ?"

"ದಾರಿ ಹೇಳಿದ್ದು ನೀನೇ ಅಂತ ಹೇಳೀನಲ್ಲ," ಎಂದರು. ಆಮೇಲೆ ಮೆಟ್ಟಿಲಿಳಿಯುತ್ತಾ, "ನಮ್ಮ ಕಾಗದದಾಗ ಒಂದು ಮಾತು ಬಿಟ್ಟಿತ್ತಂತ. ಹುಟ್ಟು ಹಾಕಾಂವನ ಎದುರಿಗಿ ಕೂತು, ಚುಕ್ಕಾಣಿ ಹಗ್ಗ ಹಿಡದು ದಾರಿ ಹೇಳಾಕಿಗಿ ಕಾಕ್ಸ್ ಅಂತಾರಂತ. ಮನಿಗಿ ಹೋಗಿ ನಿನಗ ಹೇಳಂದ್ರು ಸಾಹೇಬ್ರು," ಎಂದರು.

ಮುಂದಿನ ತಿಂಗಳು ಗಾಡಿಗೆ ಸಾಮಾನು ಏರಿಸಿದೆವು. ನಮ್ಮತ್ತೆ ರೊಟ್ಟಿ, ಶೇಂಗಾ ಹಿಂಡಿ, ಎರಡು ಗೊನೆ ಕೆಂಪು ಬಾಳೆಹಣ್ಣು ಇಟ್ಟು, ಕೊನೆಗೆ ಬಾವಿಯ ಆ ಹಗ್ಗವನ್ನೂ ಸುತ್ತಿ ನನ್ನ ಮಡಿಲಿಗೆ ಹಾಕಿದರು. "ಕಲಬುರ್ಗ್ಯಾಗ ಕೆರಿ ಅದ ಅಂತಾರ. ನನ್ನ ಮಗನ್ನ ನೋಡ್ಕೊ," ಎಂದರು. ಇಬ್ಬರಿಗೂ ಕಣ್ಣು ತುಂಬಿ ಬಂದವು.

ಗಾಡಿಯಲ್ಲಿ ಇವರು ಬೇಕೆಂದೇ ಎತ್ತುಗಳ ಕಡೆ ಬೆನ್ನು ಮಾಡಿ, ನನ್ನ ಎದುರಿಗೆ ಕೂತರು. ಮಹಾಗಾಂವ ದಾಟಿತು, ಬಿಸಿಲು ಇಳಿಯಿತು. ದೂರದಲ್ಲಿ ಅಪ್ಪನ ಗುಡಿಯ ಶಿಖರ ಸಣ್ಣಗೆ ಎದ್ದಿತು.

"ಊರು ಕಾಣಾಕತ್ತದೇನು?" ಎಂದು ಕೇಳಿದರು.

"ಕಾಣಾಕತ್ತದ," ಎಂದೆ. "ನೀವು ತಿರುಗಿ ನೋಡಬ್ಯಾಡ್ರಿ. ನಾ ಹೇಳ್ತೀನಿ."